ಉಸಿರು ಹಿಡಿದು ಕೇಳುವವರು

"ಆ ಹೆಂಗಸಿನ ಸುತ್ತ ಹದಿನೈದು ಜನ ನಿಂತಿದ್ದಾರೆ, ಹೆಸರಿನ ಎದುರು ನೋಡಿದ್ರೆ ಸೊನ್ನೆ. ಎಂತ ಕತೆ ಇದು ಕರುಣಾಕರ?"

ಡಾಕ್ಟರ್ ಮೈಥಿಲಿ ಹತ್ವಾರ್ ಗಾಜಿಗೆ ಹಣೆ ತಾಗಿಸಿಕೊಂಡು ಕೇಳಿದರು. ಅವರು ನಮ್ಮ ಕರಾವಳಿ ರಕ್ಷಣಾ ಒಕ್ಕೂಟದ ಮುಖ್ಯ ವಿಜ್ಞಾನಿ; ನಾನು ಅವರ ಕೈಕೆಳಗಿನ ಉಪಕರಣ ತಂತ್ರಜ್ಞ. ನಮ್ಮ ನಿಯಂತ್ರಣ ಕೊಠಡಿ ಸಭಾಂಗಣದ ಮೇಲ್ಭಾಗದಲ್ಲಿ ಗಾಜಿನ ಗೂಡಿನ ಹಾಗೆ ಇತ್ತು. ಕೆಳಗೆ ನಾನೂರು ತಲೆಗಳು, ಸ್ಟೀಲ್ ಲೋಟಗಳ ಸದ್ದು, ಬಟ್ಟೆಯ ಬ್ಯಾನರುಗಳು, ನವಣೆ ಉಪ್ಪಿಟ್ಟಿನ ವಾಸನೆ. ಎದ್ದು ಹೋಗಿ ನೋಡಿದೆ. ಕಂಬದ ಪಕ್ಕ ನೀಲಿ ಸೀರೆಯುಟ್ಟು ನಿಂತಿದ್ದವರ ಎದುರು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ ನೆಡುವ ಸಂಸ್ಥೆಯ ದಪ್ಪ ಮನುಷ್ಯನೊಬ್ಬ ಕಣ್ಣೊರೆಸಿಕೊಳ್ಳುತ್ತಾ ಏನೋ ಹೇಳುತ್ತಿದ್ದ. ಅವನ ಹಿಂದೆ ಸಾಲು ಕಟ್ಟಿದಂತೆ ಇನ್ನಷ್ಟು ಜನ.

"ಅದು ನನ್ನ ಹೆಂಡತಿಯ ಅಕ್ಕ, ಮೇಡಂ. ಗುಲಾಬಿ ಅಂತ. ಅಂಬಟೆಕುದ್ರುವಿನಿಂದ ಬಂದದ್ದು."

"ಮೊದಲೇ ಹೇಳ್ಬಾರದಾ ಮಾರಾಯ್ರೆ! ಪದಕ ಸೆರಗಿನ ಮೇಲೆ ಹಾಕ್ಕೊಂಡಿದ್ದಾರೋ ಏನೋ. ಚರ್ಮಕ್ಕೆ ತಾಗ್ಬೇಕು ಅಂತ ಹೇಳಿ ಬನ್ನಿ."

ಚರ್ಮಕ್ಕೆ ತಾಗಿಯೇ ಇತ್ತು. ಬೆಳಿಗ್ಗೆ ನಾನೇ ಅವರ ಕೊರಳಿಗೆ ಕಟ್ಟಿದ್ದೆ.

ಈ ಪದಕದ ವಿಷಯ ಸ್ವಲ್ಪ ಹೇಳದೆ ಹೋದರೆ ಮುಂದಿನದ್ದು ಯಾರಿಗೂ ಅರ್ಥವಾಗುವುದಿಲ್ಲ. ಸಮುದ್ರ ಏರಲು ಶುರುವಾಗಿ ಇಪ್ಪತ್ತು ವರ್ಷಗಳಾಗುವಷ್ಟರಲ್ಲಿ ಕರಾವಳಿಯ ಎಲ್ಲ ಊರುಗಳನ್ನೂ ಉಳಿಸಲಿಕ್ಕೆ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗಿತ್ತು. ತಡೆಗೋಡೆ ಯಾರಿಗೆ, ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟು ಯಾರಿಗೆ ಎಂಬ ಪ್ರಶ್ನೆ ಬಂತು. ಆಗ ಹತ್ವಾರ್ ಮೇಡಂ ಒಂದು ಅಧ್ಯಯನ ಮಾಡಿದರು. ಗೋಡೆ ಕಟ್ಟಿದ ಕಡೆಗಳಲ್ಲೆಲ್ಲ ಗೋಡೆ ಉಳಿದಿಲ್ಲ. ಊರಿನವರಿಗೆ ಹೊರಗಿನವರ ನಂಟು ಎಲ್ಲಿ ಹೆಚ್ಚಿತ್ತೋ ಅಲ್ಲಿ ಮಾತ್ರ ಉಳಿದಿದೆ. ಬಿರುಕು ಬಿಟ್ಟ ದಿನ ಫೋನು ಮಾಡಲಿಕ್ಕೆ ಒಬ್ಬ ಇಂಜಿನಿಯರು, ಮರಳು ಚೀಲ ಕಳಿಸಲಿಕ್ಕೆ ಪಕ್ಕದ ಊರಿನ ಒಬ್ಬ ಗೆಳೆಯ, ಇಷ್ಟಿದ್ದವರು ಬದುಕಿಕೊಂಡರು. ಹಾಗಾದರೆ ನಂಟನ್ನೇ ಅಳೆಯೋಣ ಎಂದಾಯಿತು.

ಪರಿಸರದ ಕೆಲಸ ಮಾಡುವವರೆಲ್ಲ ವರ್ಷಕ್ಕೊಮ್ಮೆ ಮಂಗಳೂರಿನಲ್ಲಿ ಸೇರುವ ಸಮ್ಮಿಲನ ಹೇಗೂ ಇತ್ತು. ಕೆರೆ ಸಮಿತಿಯವರು, ಆಮೆ ಮೊಟ್ಟೆ ಕಾಯುವವರು, ಇಂಜಿನಿಯರುಗಳು, ಮುಳುಗುವ ಊರುಗಳಿಂದ ಊರಿಗೊಬ್ಬ ಪ್ರತಿನಿಧಿ. ಮೊದಲಾದರೆ ಭಾಷಣ ಕೇಳಿ, ಊಟ ಮಾಡಿ, ವಿಳಾಸದ ಚೀಟಿ ಬದಲಿಸಿಕೊಂಡು ಹೋಗುತ್ತಿದ್ದರು. ಈಗ ಎಲ್ಲರ ಕೊರಳಲ್ಲೂ ಎಂಟಾಣೆ ಗಾತ್ರದ ಪದಕ. ಅದು ನಾಡಿ ಎಣಿಸುತ್ತದೆ. ಮನಸ್ಸು ಹೊಂದಿದ ಇಬ್ಬರು ಮಾತಾಡುವಾಗ ಅವರ ನಾಡಿಗಳೂ ಒಂದನ್ನೊಂದು ಅನುಸರಿಸಿ ಏರಿಳಿಯುತ್ತವೆ. ಹಾಗೆ ಮೂರು ನಿಮಿಷ ಜೊತೆಯಾಗಿ ಸಾಗಿದರೆ ಎರಡೂ ಪದಕಗಳಲ್ಲಿ ಹಸಿರು ದೀಪ ಹತ್ತುತ್ತದೆ, ನಮ್ಮ ಪರದೆಯ ಮೇಲೆ ಇಬ್ಬರ ನಡುವೆ ಒಂದು ಗೆರೆ ಮೂಡುತ್ತದೆ. ಅದಕ್ಕೆ ಎಳೆ ಎಂದು ಹೆಸರು. ಸಂಸ್ಥೆಗಳಿಗೆ ಅನುದಾನವೂ ಎಳೆಯ ಲೆಕ್ಕದಲ್ಲೇ ಸಿಗುತ್ತದೆ. ಊರಿನ ಪ್ರತಿನಿಧಿಗೆ ಎರಡು ದಿನದಲ್ಲಿ ಮೂವತ್ತು ಎಳೆ ಬಿದ್ದರೆ ಊರು ರಕ್ಷಣೆಯ ಪಟ್ಟಿಗೆ. ಮೂರು ವರ್ಷ ಬೀಳದಿದ್ದರೆ ಊರು ಸ್ಥಳಾಂತರದ ಪಟ್ಟಿಗೆ: ದೋಣಿ ನಿಲ್ಲುತ್ತದೆ, ಕರೆಂಟು ಕಡಿಯುತ್ತದೆ, ಜನರನ್ನು ಪೇಟೆಯ ಬಹುಮಹಡಿ ಕಟ್ಟಡಗಳಿಗೆ ಹಂಚುತ್ತಾರೆ.

ಮೊದಲು ನಗೆ ಬರುತ್ತಿತ್ತು. "ಒಂದು ಎಳೆ ಹಾಕಿಬಿಡುವಾ ಸರ್?" ಎನ್ನುವುದೇ ನಮಸ್ಕಾರದ ಬದಲಿಗೆ ಬಂತು. ಎಳೆ ಬೀಳಿಸುವುದನ್ನು ಕಲಿಸುವ ಕ್ಲಾಸುಗಳು ಬಂದವು. ಕೆಟ್ಟ ಸುದ್ದಿ ಹೇಳಿದರೆ ಎದುರಿನವರ ನಾಡಿ ದಿಕ್ಕೆಡುತ್ತದೆಂದು ಗೊತ್ತಾದ ಮೇಲೆ, ಪರಿಸರದವರ ಸಭೆಯಲ್ಲಿ ಪರಿಸರದ ಮಾತು ಕಡಿಮೆಯಾಗಿ ಮಕ್ಕಳ ಮದುವೆ, ಮೀನಿನ ರುಚಿ, ಸಿನಿಮಾ ಹೆಚ್ಚಾಯಿತು.

ಅಂಬಟೆಕುದ್ರು ನದಿ ಸಮುದ್ರ ಸೇರುವಲ್ಲಿನ ಒಂದು ನಡುಗಡ್ಡೆ. ನಮ್ಮ ಕಡೆ ನಡುಗಡ್ಡೆಗೆ ಕುದ್ರು ಎನ್ನುತ್ತಾರೆ. ನಲವತ್ತೊಂದು ಮನೆ, ಹೆಚ್ಚಿನವರು ನದಿಯ ತಳದಿಂದ ಮರುವಾಯಿ ಚಿಪ್ಪು ಎತ್ತುವವರು. ಎರಡು ವರ್ಷ ಹಿಂದೆ ದಾಮೋದರ ಬಂದು ನಾಲ್ಕು ಎಳೆ ತಂದಿದ್ದ. ಹೋದ ವರ್ಷ ಒಂದು ಕಿವಿ ಕೇಳದ ರುಕ್ಕಯ್ಯಣ್ಣ ಬಂದು ಏಳು ತಂದಿದ್ದರು. "ಕಿವುಡನೇ ಆಗ್ಬಹುದು ಮಾರಾಯ್ರೆ, ದಾಮೋದರನಿಗಿಂತ!" ಎಂದು ಊರಿನವರು ನಕ್ಕಿದ್ದರಂತೆ. ಈ ಸಲ ಕೊನೆಯ ಅವಕಾಶ ಎಂದು ಗುಲಾಬಿ ಅತ್ತಿಗೆಯನ್ನು ಕಳಿಸಿದ್ದರು. ಕುದ್ರುವಿನಲ್ಲಿ ಯಾರಿಗೆ ಕಷ್ಟ ಬಂದರೂ ಅವರ ಜಗಲಿಗೆ ಹೋಗಿ ಕೂರುವುದು ರೂಢಿ. ಅವರಿಗೆ ಬೀಳದ ಎಳೆ ಇನ್ಯಾರಿಗೆ ಬಿದ್ದೀತು?

ಮೊದಲ ದಿನ ಸಂಜೆ ಐದಕ್ಕೆ ಗಂಟೆ ಹೊಡೆದಾಗ ಅವರ ಲೆಕ್ಕ ಸೊನ್ನೆ.

ಮನೆಗೆ ಹೋಗುವ ಬಸ್ಸಿನಲ್ಲಿ ಅತ್ತಿಗೆ ನಗುತ್ತಲೇ ಇದ್ದರು. "ಎಲ್ಲರೂ ಒಳ್ಳೆಯವರು ಭಾವ. ಒಬ್ಬ ಇಂಜಿನಿಯರ್ ಹೇಳ್ತಾನೆ, ನಿಮ್ಮ ಹತ್ರ ಮಾತಾಡಿದ್ರೆ ಮಂಡೆ ಹಗುರ ಆಗ್ತದೆ ಅಕ್ಕ, ಆದ್ರೆ ದೀಪ ಹತ್ತುದಿಲ್ಲ ನೋಡಿ ಅಂತ. ಪಾಪ, ಅವನಿಗೆ ಬೇರೆಯವರ ಹತ್ರ ಹೋಗ್ಬೇಕಲ್ಲ."

"ಅವರೆಲ್ಲ ಎಂತ ಹೇಳಿದ್ರು ನಿಮ್ಮ ಹತ್ರ?"

"ಅದೆಲ್ಲ ಹೇಳ್ಲಿಕ್ಕೆ ಆಗುದಿಲ್ಲ. ನನಗೆ ಅಂತ ಹೇಳಿದ್ದು."

ಮನೆಯಲ್ಲಿ ನನ್ನ ಹೆಂಡತಿ ಶಶಿಕಲಾ ಬಂಗುಡೆ ಮೀನಿನ ಗಸಿ ಮಾಡಿ ಕಾಯುತ್ತಿದ್ದಳು. ಬಾಗಿಲು ತೆಗೆದವಳೇ "ಎಷ್ಟು?" ಎಂದಳು. ನಾನು ಬೆರಳಿನಿಂದ ಸೊನ್ನೆ ತೋರಿಸಿದೆ. "ನಿಮ್ಮ ಮಿಷನಿಗೆ ಬೆಂಕಿ ಹಾಕ," ಎಂದು ಒಳಗೆ ಹೋಗಿ ಅನ್ನ ಬಡಿಸಿದಳು.

ಊಟದ ನಡುವೆ ಅಕ್ಕತಂಗಿಯರಿಗೆ ಅಮ್ಮನ ನೆನಪು ಬಂತು. ಶಶಿ ಅದುವರೆಗೆ ಯಾರಿಗೂ, ನನಗೂ, ಸರಿಯಾಗಿ ಹೇಳದ ಒಂದು ಸಂಗತಿಯಿತ್ತು. ಅಮ್ಮ ತೀರಿಕೊಂಡ ದಿನ ಉಬ್ಬರ ಜೋರಾಗಿ ದೋಣಿ ಬಿಟ್ಟಿರಲಿಲ್ಲ. ಇವಳು ಈಚೆ ದಡದಲ್ಲಿ ಮೂರು ಗಂಟೆ ನಿಂತಿದ್ದಳಂತೆ. "ಆಚೆಯಿಂದ ಹೊಗೆ ಏಳುದು ಕಂಡಿತು ಅಕ್ಕ. ಅಮ್ಮನದ್ದೇ ಅಂತ ಗೊತ್ತಾಯ್ತು. ನಾನು ದಡದಲ್ಲಿದ್ದ ಹೋಟೆಲಿಗೆ ಹೋಗಿ ಚಾ ಕುಡಿದೆ. ಚಾ ಕುಡಿದೆ ಅಂತ ಯಾರ ಹತ್ರವೂ ಹೇಳ್ಲಿಕ್ಕಾಗ್ಲಿಲ್ಲ ನನಗೆ."

ಅತ್ತಿಗೆ ಪದಕ ಬಿಚ್ಚಲು ಮರೆತಿದ್ದರು. ಅದರ ನಾಡಿಯ ಲೆಕ್ಕ ನನ್ನ ಫೋನಿನಲ್ಲಿ ಬರುತ್ತಲೇ ಇತ್ತು. ಅಭ್ಯಾಸಬಲದಿಂದ ಕಣ್ಣು ಅತ್ತ ಹೋಯಿತು. ಎಪ್ಪತ್ತೊಂದು. ಶಶಿ ಹೊಗೆಯ ಮಾತಿಗೆ ಬರುವಾಗ ಐವತ್ತೆರಡು. ಚಾದ ಮಾತಿಗೆ ಬರುವಾಗ ನಲವತ್ತಮೂರು. ಆಮೇಲೆ ಅಂಕಿಯೇ ಮಾಯವಾಗಿ ಕೆಂಪು ಅಕ್ಷರ ಬಂತು: ಪದಕ ಮೈಮೇಲಿಲ್ಲ.

ತಲೆಯೆತ್ತಿ ನೋಡಿದೆ. ಪದಕ ಕೊರಳಲ್ಲೇ ಇತ್ತು. ಅತ್ತಿಗೆ ತಂಗಿಯ ಮುಖ ನೋಡುತ್ತಾ ಕಲ್ಲಿನ ಹಾಗೆ ಕುಳಿತಿದ್ದರು. ಮೂಗಿನ ಹೊಳ್ಳೆ ಕೂಡ ಅಲುಗುತ್ತಿರಲಿಲ್ಲ.

"ಅತ್ತಿಗೆ, ನೀವು ಉಸಿರಾಡ್ತಾ ಇದ್ದೀರಾ?"

ಅವರು ಬೆಚ್ಚಿ ಉಸಿರು ಬಿಟ್ಟರು. ಶಶಿ ಅಳುವಿನ ನಡುವೆಯೇ ನಕ್ಕಳು. "ನಮ್ಮ ಕುದ್ರುವಿನಲ್ಲಿ ಎಲ್ಲರೂ ಹೀಗೇ ರೀ. ಮಕ್ಕಳಿಗೂ ಹಾಗೇ ಹೇಳುದು, ಉಸಿರು ಹಿಡಿದು ಕೇಳು ಅಂತ. ನಾನು ಪೇಟೆಗೆ ಬಂದು ಬಿಟ್ಟುಬಿಟ್ಟೆ."

"ನೀರಿನಡಿಯಲ್ಲಿ ಮರುವಾಯಿ ಹೆಕ್ಕುವಾಗ ಮೇಲೆ ದೋಣಿ ಬರ್ತದಾ, ಮರಳಿನ ಬಾರ್ಜು ಬರ್ತದಾ ಅಂತ ಕೇಳ್ಬೇಕಲ್ಲ ಭಾವ," ಎಂದರು ಅತ್ತಿಗೆ. "ಉಸಿರು ಬಿಟ್ರೆ ಗುಳ್ಳೆಯ ಸದ್ದಿಗೆ ಎಲ್ಲಿ ಕೇಳ್ತದೆ? ಏಳನೇ ವಯಸ್ಸಿನಿಂದ ಅಭ್ಯಾಸ ಆಗಿ ಹೋಗಿದೆ. ಯಾಕೆ, ತಪ್ಪಾ?"

ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ಹಾಕಿ ಫೋನನ್ನು ಮಗುಚಿಟ್ಟೆ. ಉಸಿರು ಹಿಡಿದು ನೀರಿಗಿಳಿದರೆ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ಪ್ರಾಣವಾಯು ಉಳಿಸಲಿಕ್ಕೆ ದೇಹ ಮಾಡುವ ಉಪಾಯ ಅದು. ಚಿಕ್ಕಂದಿನಿಂದ ಮುಳುಗುವವರಿಗೆ ಅದು ನೆಲದ ಮೇಲೂ ಬರುತ್ತದೆ, ಮನಸ್ಸಿಟ್ಟು ಕೇಳುವ ಹೊತ್ತಿಗೆ. ಇದು ಅದುವರೆಗೆ ನನಗೆ ಹೊಳೆದೇ ಇರಲಿಲ್ಲ. ಮತ್ತೆ ಐವತ್ತಕ್ಕಿಂತ ಕಡಿಮೆ ನಾಡಿಯನ್ನು ಲೆಕ್ಕದಿಂದ ತೆಗೆದುಹಾಕು ಎಂದು ಯಂತ್ರಕ್ಕೆ ಬರೆದುಕೊಟ್ಟವನು ಯಾರು? ನಾನು.

ಮೊದಲ ವರ್ಷ ಜನ ಊಟಕ್ಕೆ ಹೋಗುವಾಗ ಪದಕವನ್ನು ಕುರ್ಚಿಗೆ ಸಿಕ್ಕಿಸಿ ಹೋಗುತ್ತಿದ್ದರು. ಜನರೇಟರಿನ ಕಂಪನಕ್ಕೆ ಪದಕ ನಲವತ್ತು ನಲವತ್ತೈದರ ಸುಳ್ಳು ನಾಡಿ ತೋರಿಸುತ್ತಿತ್ತು. ಖಾಲಿ ಕುರ್ಚಿಗಳ ನಡುವೆ ಹನ್ನೊಂದು ಎಳೆ ಬಿದ್ದು ನಾವೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದೆವು. ಎಚ್ಚರವಿರುವ ಮನುಷ್ಯನ ನಾಡಿ ಐವತ್ತಕ್ಕೆ ಇಳಿಯುವುದುಂಟೇ ಎಂದು, ಯಾರನ್ನೂ ಕೇಳದೆ, ಆ ಮಿತಿ ಹಾಕಿದೆ. ನಾನು ದೊಡ್ಡ ಕಾಲೇಜು ಕಲಿತವನಲ್ಲ. ರೇಡಿಯೋ ಬಿಚ್ಚಿ ಜೋಡಿಸಿ ಕಲಿತವನು. ಆ ದಿನ ಹತ್ವಾರ್ ಮೇಡಂ ಬೆನ್ನು ತಟ್ಟಿದ್ದರು.

"ಎಂತ ಯೋಚನೆ ಭಾವ? ಊಟ ಮಾಡಿ," ಎಂದರು ಅತ್ತಿಗೆ.

"ಏನಿಲ್ಲ. ನಾಳೆ ಸರಿಯಾಗ್ತದೆ. ನಾನು ಸರಿ ಮಾಡ್ತೇನೆ."

ಶಶಿ ನನ್ನ ಮುಖವನ್ನೇ ನೋಡಿದಳು. ಮತ್ತೆ ನನ್ನ ಬಟ್ಟಲಿಗೆ ಇನ್ನೊಂದು ಬಂಗುಡೆ ಹಾಕಿದಳು.

ಮರುದಿನ ಎಂಟು ಗಂಟೆಗೇ ಕೊಠಡಿಗೆ ಹೋಗಿ ಹಳೆಯ ದಾಖಲೆಗಳನ್ನು ತೆರೆದೆ. ಮಿತಿಯನ್ನು ತೆಗೆದು ಹಿಂದಿನ ಸಮ್ಮಿಲನಗಳನ್ನು ಒಂದೊಂದಾಗಿ ಯಂತ್ರದಲ್ಲಿ ಮತ್ತೆ ಓಡಿಸಿದೆ. ರುಕ್ಕಯ್ಯಣ್ಣನ ಏಳು ಮೂವತ್ತೆಂಟಾಯಿತು. ಆ ಏಳು ಬಿದ್ದದ್ದೂ ಅವರಿಗೆ ಕೇಳಿಸದ ಕಿವಿಯ ಕಡೆ ನಿಂತು ಮಾತಾಡಿದವರ ಜೊತೆಗೆ ಇರಬೇಕು. ದಾಮೋದರನದ್ದು ನಲವತ್ತು ದಾಟಿತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅದುವರೆಗೆ ಸ್ಥಳಾಂತರವಾದ ಹನ್ನೊಂದು ಊರುಗಳ ಕಡತವೂ ಅಲ್ಲೇ ಇತ್ತು. ಅದನ್ನೂ ಓಡಿಸಿದೆ. ಏಳು ಊರುಗಳು ಹೋಗಬೇಕಾದವೇ ಅಲ್ಲ. ಎಲ್ಲವೂ ಗಾಳಿಕೋಡಿಯಂಥ, ನೀರಿಗೆ ಮುಳುಗಿ ಮರುವಾಯಿ ಹೆಕ್ಕುವವರ ಊರುಗಳು.

ಮೇಡಂ ಬಂದರು. ಪರದೆ ನೋಡಿದರು. ಆಮೇಲೆ ಕುರ್ಚಿ ಎಳೆದು ಕುಳಿತು, ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತೆರೆಯದೆ ಕೈಯಲ್ಲೇ ಹಿಡಿದುಕೊಂಡರು.

"ಈ ಸಲಕ್ಕೆ ಮಿತಿ ಬದಲಿಸುವಾ ಮೇಡಂ," ಎಂದೆ. "ಈಗೆಲ್ಲ ಯಂತ್ರ ಬದಲಿಸ್ಲಿಕ್ಕೆ ಎರಡು ಕೀಲಿ ಬೇಕಲ್ಲ, ನಿಮ್ಮದು, ನನ್ನದು. ಎರಡು ನಿಮಿಷದ ಕೆಲಸ."

"ಬದಲಿಸಿದ್ರೆ ಯಾಕೆ ಅಂತ ದಾಖಲೆಯಲ್ಲಿ ಬರೀಬೇಕು. ಬರೆದ್ರೆ ಹಳೆಯದ್ದೆಲ್ಲ ಹೊರಗೆ ಬರ್ತದೆ."

"ಬರಲಿ."

"ಬಂದ್ರೆ? ಗಾಳಿಕೋಡಿಯವರಿಗೆ ಎಂತ ಹೇಳುದು? ತಪ್ಪಾಯ್ತು, ವಾಪಸ್ ಬನ್ನಿ ಅಂತಾ? ಎಲ್ಲಿಗೆ ಬರುದು ಕರುಣಾಕರ? ಅಲ್ಲೀಗ ಎದೆಮಟ್ಟ ನೀರುಂಟು." ಬಾಟಲಿಯನ್ನು ಮೇಜಿನ ಮೇಲಿಟ್ಟರು. "ಒಕ್ಕೂಟವನ್ನೇ ಮುಚ್ಚಿಬಿಡ್ತಾರೆ. ಈ ವರ್ಷ ಅರುವತ್ತೆರಡು ಊರಿನಲ್ಲಿ ಗೋಡೆ ಅರ್ಧಕ್ಕೆ ನಿಂತಿದೆ. ಮಳೆಗಾಲಕ್ಕೆ ಮೊದಲು ಅದನ್ನು ಮುಗಿಸುವವರು ಯಾರು? ಮತ್ತೆ ಎಲ್ಲರೂ ಮೊದಲು ಕೇಳುವ ಮಾತು ಎಂತ ಗೊತ್ತುಂಟಾ? ಯಾರ ಅತ್ತಿಗೆಗೋಸ್ಕರ ಇದು ಕಂಡುಹಿಡಿದದ್ದು ಅಂತ."

"ಅಂಬಟೆಕುದ್ರುವಿನಲ್ಲಿ ನಲವತ್ತೊಂದು ಮನೆ ಮೇಡಂ."

"ಲೆಕ್ಕ ನನಗೂ ಬರ್ತದೆ." ಅವರು ಮುಖ ತಿರುಗಿಸಿದರು. "ನನಗೆ ನಿದ್ದೆ ಬರುತ್ತಿತ್ತು ಇಷ್ಟು ದಿನ. ನೀವು ಅದನ್ನು ತೆಗೆದಿರಿ. ಇನ್ನು ನನ್ನ ಕೀಲಿ ಕೇಳ್ಬೇಡಿ."

ನಾನು ಆಗಲೇ ಕೆಳಗೆ ಹೋಗಿ ಮೈಕು ಹಿಡಿದು ಎಲ್ಲರಿಗೂ ಹೇಳಬಹುದಿತ್ತು. ಹೇಳಲಿಲ್ಲ. ಅರುವತ್ತೆರಡು ಊರು ಎಂದು ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ಹೆದರಿಕೆಯಾದದ್ದು ಆ ಏಳು ಊರಿನವರ ಮುಖಕ್ಕೆ.

ಕೆಳಗೆ ನೋಂದಣಿಯ ಸಾಲಿನಲ್ಲಿ ಅತ್ತಿಗೆ ನಿಂತಿದ್ದರು. ನನ್ನನ್ನು ನೋಡಿ ಮುಖ ಅರಳಿತು. "ಸರಿಯಾಯ್ತಾ ಭಾವ?"

ಅವರನ್ನು ಬದಿಗೆ ಕರೆದೆ. "ಅತ್ತಿಗೆ, ಒಂದು ಮಾತು. ಇವತ್ತು ಯಾರು ಎಂತ ಹೇಳಿದ್ರೂ ಕೇಳ್ಬೇಡಿ."

"ಹಾಂ?"

"ಕೇಳಿದ ಹಾಗೆ ಮಾಡಿ. ತಲೆ ಆಡಿಸಿ, ಹೂಂ ಅನ್ನಿ, ನಗಾಡಿ. ಮನಸ್ಸಿನಲ್ಲಿ ಮಾತ್ರ ಬೇರೆ ಎಂತಾದ್ರೂ ಇರಲಿ. ಗಸಿಗೆ ಎಷ್ಟು ಮೆಣಸು, ಎಷ್ಟು ಹುಳಿ ಅಂತ ಯೋಚಿಸ್ತಾ ಇರಿ. ಉಸಿರು ಮಾತ್ರ ನಿಲ್ಲಿಸ್ಬೇಡಿ, ಅವರು ಉಸಿರಾಡಿದ ಹಾಗೆ ನೀವೂ ಆಡಿ, ನಾಡಿ ತಾನಾಗಿ ಹೊಂದ್ತದೆ."

"ಅವರಿಗೆ ಬೇಜಾರಾಗುದಿಲ್ವಾ?"

"ಅವರಿಗೆ ಗೊತ್ತಾಗುದಿಲ್ಲ."

ಅತ್ತಿಗೆ ಪದಕವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಹಾಗೆ ಮಾಡಿದ್ರೆ ಕುದ್ರು ಉಳಿಯುದಾ?"

"ಉಳಿಯುದು."

"ಆಯ್ತು ಹಾಗಾದ್ರೆ."

ಹತ್ತು ಗಂಟೆಗೆ ಮೊದಲ ಎಳೆ ಬಿತ್ತು. ಪರದೆಯಲ್ಲಿ ಅವರ ಚುಕ್ಕೆಯಿಂದ ಸಣ್ಣ ಹಸಿರು ಗೆರೆಯೊಂದು ಹೊರಟು ಯಾವುದೋ ಕೆರೆ ಸಮಿತಿಯ ಅಧ್ಯಕ್ಷನಿಗೆ ಸೇರಿತು. ಗಾಜಿನಿಂದ ನೋಡಿದರೆ ಅತ್ತಿಗೆ ನಗುತ್ತಾ, ತಲೆ ಆಡಿಸುತ್ತಾ, "ಹೌದಾ? ಅಯ್ಯೋ!" ಎಂದು ಕೈ ಬಾಯಿಗೆ ಇಟ್ಟುಕೊಳ್ಳುತ್ತಿದ್ದರು. ಪೇಟೆಯವರಿಗಿಂತ ಚೆನ್ನಾಗಿ ಕಲಿತುಬಿಟ್ಟರು. ಹನ್ನೊಂದಕ್ಕೆ ಆರು. ನಿನ್ನೆ ಅತ್ತಿದ್ದ ಕಾಂಡ್ಲಾದ ದಪ್ಪ ಮನುಷ್ಯ ಮತ್ತೆ ಬಂದ. ಮೂರೇ ನಿಮಿಷದಲ್ಲಿ ದೀಪ ಹತ್ತಿತು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಅತ್ತಿಗೆಯ ಕೈ ಹಿಡಿದು ಕುಲುಕಿ, ಇನ್ನೂ ಏನನ್ನೋ ಹೇಳಲು ಹೊರಟವನು, ಹೇಳದೆ, ಮುಂದಿನ ಎಳೆಗೆ ಓಡಿದ.

ಊಟದ ಹೊತ್ತಿಗೆ ಹತ್ತೊಂಬತ್ತು. ನಾನು ಕೆಳಗಿಳಿದು ಅವರ ಪಕ್ಕ ಕುಳಿತೆ. ಅವರ ಹಣೆ ಬೆವರಿತ್ತು.

"ಭರ್ಜರಿ ಅತ್ತಿಗೆ! ಇನ್ನು ಹನ್ನೊಂದು."

"ಅಷ್ಟು ಹೊತ್ತು ಅವರೆಲ್ಲ ಎಂತ ಮಾತಾಡಿದ್ರು ಅಂತ ಮಾತ್ರ ಕೇಳ್ಬೇಡಿ," ಎಂದರು. ಅನ್ನ ಕಲಸುತ್ತಿದ್ದ ಕೈ ನಿಂತಿತು. "ಒಬ್ಬಳು ಹುಡುಗಿ ಮಗುವಿನ ವಿಷಯ ಹೇಳಿದಳು. ಕಾಯಿಲೆಯೋ, ಶಾಲೆಯೋ, ಒಂದೂ ಗೊತ್ತಿಲ್ಲ ನನಗೆ. ನಾನು ಹುಳಿ ಎಣಿಸ್ತಾ ಇದ್ದೆ. ಕೊನೆಗೆ ಅವಳು ಥ್ಯಾಂಕ್ಸ್ ಅಕ್ಕ ಅಂದಳು."

"ಇನ್ನು ನಾಲ್ಕು ಗಂಟೆ ಹೊತ್ತು ಅಷ್ಟೇ. ಮುಗೀತದೆ."

"ಹೂಂ," ಎಂದು ಎದ್ದು ಕೈ ತೊಳೆಯಲು ಹೋದರು.

ಮೂರೂವರೆಗೆ ಇಪ್ಪತ್ತನಾಲ್ಕು. ಶಶಿ ಹತ್ತು ನಿಮಿಷಕ್ಕೊಮ್ಮೆ ಫೋನು ಮಾಡಿ ಕೇಳುತ್ತಿದ್ದಳು. ಹತ್ವಾರ್ ಮೇಡಂ ಕೂಡ ಬಾಯಿ ಬಿಡದೆ ಅದೇ ಅಂಕಿಯನ್ನು ನೋಡುತ್ತಿದ್ದರು. ಒಮ್ಮೆ "ಆಗ್ತದೆ ಕಾಣ್ತದೆ," ಎಂದೂ ಅಂದರು. ಅವರಿಗೂ ಅದು ಆಗಲಿ ಎಂದಿತ್ತು. ಮೂವತ್ತು ಆಗಿಬಿಟ್ಟರೆ ಏನನ್ನೂ ಬದಲಿಸಬೇಕಾಗಿರಲಿಲ್ಲವಲ್ಲ.

ನಾಲ್ಕು ಗಂಟೆಗೆ ಚಾ ಬಂತು. ತಳ್ಳುಗಾಡಿ ದೂಡಿಕೊಂಡು ಬಂದ ಹೆಂಗಸು ಅತ್ತಿಗೆಗೆ ಲೋಟ ಕೊಡುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಿಂತುಬಿಟ್ಟರು. ಆಮೇಲೆ ಇಬ್ಬರೂ ಗಾಡಿಯನ್ನು ಕಂಬದ ಹಿಂದೆ ಎಳೆದುಕೊಂಡು ಹೋಗಿ ಕುಳಿತದ್ದು ಕಂಡಿತು.

ಪರದೆಯಲ್ಲಿ ಅತ್ತಿಗೆಯ ನಾಡಿ ಎಪ್ಪತ್ತು ಇದ್ದದ್ದು ಅರುವತ್ತಾಯಿತು. ಐವತ್ತೈದು. ನಲವತ್ತೆಂಟು. ಕೆಂಪು ಅಕ್ಷರ. ಚಾ ಕೊಡುವವರಿಗೆ ಪದಕ ಇರುವುದಿಲ್ಲ. ಹಾಗಾಗಿ ನಮ್ಮ ಯಂತ್ರದ ಪ್ರಕಾರ ಆ ಕಂಬದ ಹಿಂದೆ ಇಲ್ಲದ ಒಬ್ಬಳ ಜೊತೆ ಇಲ್ಲದ ಇನ್ನೊಬ್ಬಳು ಕುಳಿತಿದ್ದಳು.

ಹತ್ತು ನಿಮಿಷ ಕಾದೆ. ಹದಿನೈದು. ಐದು ಗಂಟೆಗೆ ಗಂಟೆ ಹೊಡೆಯುತ್ತದೆ. ಆರು ಎಳೆಗೆ ಕಡಿಮೆಯೆಂದರೂ ಇಪ್ಪತ್ತು ನಿಮಿಷ ಬೇಕು. ನಾಲ್ಕೂ ಇಪ್ಪತ್ತೈದಕ್ಕೆ ನಾನು ಮೆಟ್ಟಿಲಿಳಿದು ಓಡಿದೆ.

ಆ ಹೆಂಗಸು ಗಾಳಿಕೋಡಿಯವಳು, ಹೆಸರು ಅಪ್ಪಿ. ಹಿಂದೆ ಅತ್ತಿಗೆಯ ಜೊತೆ ಮರುವಾಯಿ ಮಾರಲು ಒಂದೇ ದೋಣಿಯಲ್ಲಿ ಹೋಗುತ್ತಿದ್ದವಳು. ನಾನು ಹತ್ತಿರ ಹೋಗುವಾಗ ಅವಳು ಗಂಡನ ವಿಷಯ ಹೇಳುತ್ತಿದ್ದಳು. ಅವನು ಜನರನ್ನು ನದಿ ದಾಟಿಸುವ ಕಡವಿನ ದೋಣಿ ನಡೆಸುತ್ತಿದ್ದವನು. ಈಗ ಐದನೇ ಮಹಡಿಯಲ್ಲಿ ಮನೆ.

"...ಉಬ್ಬರದ ಹೊತ್ತು ಅವರಿಗೆ ಗೊತ್ತಾಗ್ತದೆ ಗುಲಾಬಕ್ಕ. ಗಡಿಯಾರ ಬೇಡ. ಬಾಲ್ಕನಿಗೆ ಹೋಗಿ ನಿಂತು ಓ... ಬನ್ನಿ ಓ... ಅಂತ ಕರೆಯುದು, ದೋಣಿ ಹತ್ತುವವರನ್ನು ಕರೆದ ಹಾಗೆ. ಮೊದಲು ಕೆಳಗಿನ ಮಕ್ಕಳು ನಗಾಡಿದ್ರು. ಮತ್ತೆ ಯಾರೋ ವಿಡಿಯೋ ಮಾಡಿ ಕಟ್ಟಡದ ಗ್ರೂಪಿಗೆ ಹಾಕಿದ್ರು. ನೋಟೀಸು ಬಂತು. ಈಗ ಕರೆಯುದಿಲ್ಲ. ನೀರು ಏರುವ ಹೊತ್ತಿಗೆ ಮೈ ಒರೆಸುವ ಬೈರಾಸನ್ನು ಬಾಯಿಗೆ ತುರುಕಿಕೊಂಡು ಕೂತ್ಕೊಳ್ತಾರೆ. ಇಳಿಯುವವರೆಗೆ."

"ಅತ್ತಿಗೆ," ಎಂದೆ. "ಹೊತ್ತಾಯ್ತು."

ಅತ್ತಿಗೆ ನನ್ನ ಕಡೆ ತಿರುಗಲಿಲ್ಲ. ಸ್ವಲ್ಪ ಇರಿ ಎನ್ನುವ ಹಾಗೆ ಒಂದು ಕೈ ಎತ್ತಿದರು.

ಅಪ್ಪಿಗೆ ಎಚ್ಚರವಾಯಿತು. ಅತ್ತಿಗೆಯ ಕೊರಳಿನ ಪದಕ ನೋಡಿ ಅವಳ ಮುಖ ಬಿಳಿಚಿತು. "ಅಯ್ಯೋ, ನೀನು ಊರಿನ ಪರವಾಗಿ ಬಂದದ್ದಾ? ನನಗೆ ಯಾಕೆ ಹೇಳ್ಲಿಲ್ಲ? ಎದ್ದು ಹೋಗು ಮಾರಾಯ್ತಿ! ನಮ್ಮದು ಮುಗಿದ ಕತೆ."

"ಹೋಗ್ತೇನೆ," ಎಂದರು ಅತ್ತಿಗೆ. "ರಾತ್ರಿ ಉಬ್ಬರ ಬಂದ್ರೂ ಹಾಗೇ ಮಾಡ್ತಾರಾ?"

ಗಾಡಿಯ ಹಿಡಿಗೆ ಕೈ ಹಾಕಿದ್ದ ಅಪ್ಪಿ ಅದನ್ನು ಬಿಟ್ಟಳು. ಒಂದು ವರ್ಷದಿಂದ ಅವಳನ್ನು ಹಾಗೆ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಅವಳು ಮತ್ತೆ ಹೇಳತೊಡಗಿದಳು. ಅತ್ತಿಗೆಯ ಎದೆ ಏರಿಳಿಯುವುದು ನಿಂತಿತು. ನಾನು ಅವರ ತೋಳು ಹಿಡಿದು ಎಬ್ಬಿಸಬೇಕಿತ್ತು. ಕೈ ಮುಂದೆ ಹೋಯಿತು ಕೂಡ. ಆ ಮುಖ ನೋಡಿದ ಮೇಲೆ ಹಿಂದಕ್ಕೆ ಬಂತು. ಅಲ್ಲೇ ಗಾಡಿಯ ಹತ್ತಿರ ನಿಂತು, ನನ್ನ ಲೆಕ್ಕದಲ್ಲಿದ್ದ ಆ ಏಳರಲ್ಲಿ ಒಂದು ಊರಿನ ಕತೆಯನ್ನು ನಾನೂ ಕೇಳಿದೆ.

ಐದು ಗಂಟೆಗೆ ಗಂಟೆ ಹೊಡೆಯಿತು. ಸಭಾಂಗಣದಲ್ಲಿ ಚಪ್ಪಾಳೆ ಎದ್ದಿತು.

ಪದಕ ಹಿಂದಿರುಗಿಸಿ, ಸಹಿ ಹಾಕಿ, ನಾವಿಬ್ಬರೂ ಲಿಫ್ಟಿನ ಎದುರು ಬಂದು ನಿಂತೆವು. ನಾವಿದ್ದದ್ದು ಏಳನೇ ಮಹಡಿ. ಅತ್ತಿಗೆಯ ಕೊರಳಿನಲ್ಲಿ ದಾರದ ಗುರುತು ಕೆಂಪಗೆ ಉಳಿದಿತ್ತು.

"ಎಷ್ಟಾಯ್ತು ಭಾವ?"

"ಇಪ್ಪತ್ತನಾಲ್ಕು."

"ಅಷ್ಟೇಯಾ." ದಾರದ ಗುರುತನ್ನು ಬೆರಳಿನಿಂದ ಉಜ್ಜಿಕೊಂಡರು. "ಎಲ್ಲರಿಗೂ ಒಂದೇ ಕಟ್ಟಡ ಕೊಡ್ತಾರಾ?"

"ಇಲ್ಲ ಅತ್ತಿಗೆ. ಚೀಟಿ ಎತ್ತುದು."

"ರುಕ್ಕಯ್ಯಣ್ಣನಿಗೆ ಒಬ್ಬರೇ ಇರ್ಲಿಕ್ಕೆ ಆಗುದಿಲ್ಲ," ಎಂದರು, ತಮ್ಮಷ್ಟಕ್ಕೆ.

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಕುರ್ಚಿಗಳ ಕತೆ, ಐವತ್ತರ ಮಿತಿ, ಏಳು ಊರು, ಕೊಡದೆ ಹೋದ ಕೀಲಿ, ಮುಚ್ಚಿಕೊಂಡ ನನ್ನ ಬಾಯಿ. ಹೇಳುವಷ್ಟು ಹೊತ್ತೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಅಲುಗದೆ, ಉಸಿರು ಹಿಡಿದು. ಬೈದಿದ್ದರೆ ಚೆನ್ನಾಗಿತ್ತು.

ಕೊನೆಗೆ ಉದ್ದಕ್ಕೆ ಉಸಿರು ಬಿಟ್ಟರು.

"ಇದನ್ನು ಶಶಿಯ ಹತ್ರ ಹೇಳ್ಬೇಡಿ ಭಾವ," ಎಂದರು. "ಅವಳಿಗೆ ನಿಮ್ಮೊಟ್ಟಿಗೆ ಬಾಳ್ಬೇಕಲ್ಲ."

ಲಿಫ್ಟು ಬಂತು. ಬಾಗಿಲು ತೆರೆದರೆ ಒಳಗೆ, ಮೇಲಿನ ಮಹಡಿಯಲ್ಲಿಟ್ಟಿದ್ದ ಚೀಲ ಎತ್ತಿಕೊಂಡು ಬಂದ ಸಮ್ಮಿಲನದವರೇ ತುಂಬಿದ್ದರು. ಕಾಂಡ್ಲಾದ ದಪ್ಪ ಮನುಷ್ಯ, ಇಂಜಿನಿಯರ್, ಮಗುವಿನ ವಿಷಯ ಹೇಳಿದ್ದ ಹುಡುಗಿ. ಅತ್ತಿಗೆಯನ್ನು ಕಂಡು ಎಲ್ಲರ ಮುಖವೂ ಅರಳಿತು. ಒಬ್ಬರಿಗೊಬ್ಬರು ಒತ್ತಿಕೊಂಡು, ಚೀಲಗಳನ್ನು ತಲೆಯ ಮೇಲೆತ್ತಿ, ಜಾಗ ಮಾಡಿಕೊಟ್ಟರು. ಅತ್ತಿಗೆ ಒಳಗೆ ಕಾಲಿಟ್ಟರು. ಭಾರ ಹೆಚ್ಚಾಯಿತೆಂದು ಲಿಫ್ಟು ಕುಂಯ್ ಎಂದು ಅರಚತೊಡಗಿತು. ಯಾರೂ ಅಲುಗಲಿಲ್ಲ, ಎಲ್ಲರೂ ಮುಗುಳುನಗುತ್ತಾ ಅವರನ್ನೇ ನೋಡುತ್ತಿದ್ದರು. ಅತ್ತಿಗೆಯೂ ಅವರನ್ನು ನೋಡಿ ನಕ್ಕು, ಸೆರಗು ಬಾಗಿಲಿಗೆ ಸಿಗದ ಹಾಗೆ ಎಳೆದುಕೊಂಡು, ಹೊರಗೆ ಬಂದು ನಿಂತರು. ಅರಚುವುದು ನಿಂತಿತು. ಬಾಗಿಲು ಮುಚ್ಚಿತು.